ಒಳ್ಳೆಯ ಕಣ್ಣಿಗೇ ಪಟ್ಟಿ ಯಾಕೆ?

ಪ್ರಶ್ನೆ: ನಾನು ಸಿಂಧನೂರು ತಾಲ್ಲೂಕಿನ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮಾಸ್ತರ. ಮಗಳಿಗೆ ಐದು ವರ್ಷ. ಶಾಲೆಗೆ ತಪಾಸಣೆಗೆ ಬಂದವರು ಅವಳ ಬಲಗಣ್ಣು ಸರಿಯಾಗಿ ಕಾಣುತ್ತಿಲ್ಲ ಎಂದರು. ರಾಯಚೂರಿನಲ್ಲಿ ತೋರಿಸಿದೆವು. ಬಲಗಣ್ಣಿಗೆ ಪ್ಲಸ್ 5, ಎಡಗಣ್ಣಿಗೆ ಪ್ಲಸ್ 1 ನಂಬರು ಬಂತು. 'ಲೇಜಿ ಐ' (ಮೆದುಳು ಒಂದು ಕಣ್ಣಿನಿಂದ ಸರಿಯಾಗಿ ನೋಡಲು ಕಲಿಯದಿರುವುದು) ಎಂದರು. ಕನ್ನಡಕ ಹಾಕಿ ನಾಲ್ಕು ತಿಂಗಳಾಯಿತು. ಬಲಗಣ್ಣಿನ ದೃಷ್ಟಿ 6/36 ಇದ್ದದ್ದು 6/24ಕ್ಕೆ ಸುಧಾರಿಸಿದೆ. ಈಗ ಚೆನ್ನಾಗಿರುವ ಎಡಗಣ್ಣಿಗೆ ದಿನಕ್ಕೆ ಎರಡು ಗಂಟೆ ಪಟ್ಟಿ ಹಾಕಿ ಅಂತ ಹೇಳಿದ್ದಾರೆ. ನಮ್ಮವ್ವ ಒಪ್ಪುತ್ತಿಲ್ಲ. "ಛಲೋ ಇರೋ ಕಣ್ಣು ಮುಚ್ಚಿದ್ರ ಅದೂ ಹೋಗ್ತೈತಿ" ಅಂತಾರೆ. ಇದರ ನಡುವೆ ಪರಿಚಯದವರೊಬ್ಬರು ಅಣಬೆಯ ಕ್ಯಾಪ್ಸೂಲ್ ತಂದುಕೊಟ್ಟಿದ್ದಾರೆ. ಜೊತೆಗೆ ವಾಟ್ಸಾಪಿನಲ್ಲಿ ಒಂದು ವಿಡಿಯೋ. ಬೆಳೆಯುವ ಮೆದುಳಿನಲ್ಲಿ ನರಕೋಶಗಳು ಹಿಂದಕ್ಕೂ ಸಂದೇಶ ಕಳಿಸುತ್ತವೆ, ಆ ಸಂದೇಶವೇ ಎನ್‌ಜಿಎಫ್ (ನರ್ವ್ ಗ್ರೋತ್ ಫ್ಯಾಕ್ಟರ್, ನರಗಳನ್ನು ಬೆಳೆಸುವ ಒಂದು ಪ್ರೋಟೀನು), ಅದು ಕಡಿಮೆಯಾಗಿ ಕಣ್ಣಿನ ನರ ಸೊರಗಿದೆ, ಕ್ಯಾಪ್ಸೂಲ್ ತಗೊಂಡರೆ ಅದು ಹೆಚ್ಚುತ್ತದೆ, ಪಟ್ಟಿ ಬೇಕಿಲ್ಲ ಅನ್ನುತ್ತದೆ ಅದು. ಸಿನಾಪ್ಸ್‌ನಲ್ಲಿ, ಅಂದರೆ ಎರಡು ನರಕೋಶಗಳು ಕೂಡುವ ಜಾಗದಲ್ಲಿ, ಸಂದೇಶ ಒಂದೇ ದಿಕ್ಕಿಗೆ ಹೋಗುತ್ತದೆ ಅಂತ ನಾನು ವರ್ಷಾ ವರ್ಷಾ ಹತ್ತನೇ ತರಗತಿಗೆ ಪಾಠ ಮಾಡುತ್ತೇನೆ. ಯಾವುದು ನಿಜ? ಪಟ್ಟಿ ಹಾಕಿದರೆ ಮಗಳು ಅಳುತ್ತಾಳೆ, ಕಿತ್ತು ಹಾಕುತ್ತಾಳೆ. ಹತ್ತು ವರ್ಷವಾಗಿ ತಿಳಿವಳಿಕೆ ಬಂದ ಮೇಲೆ ಹಾಕಿದರೆ ಆಗಲ್ವಾ?

ಉತ್ತರ: ಮಾಸ್ತರೇ, ಮನೆಯಲ್ಲಿ ಇವತ್ತೇ ಆಗಬೇಕಾದ ತೀರ್ಮಾನವನ್ನು ಮೊದಲು ಹೇಳಿಬಿಡುತ್ತೇನೆ. ವಿಜ್ಞಾನ ಆಮೇಲೆ ನೋಡೋಣ. ಪಟ್ಟಿ ಹಾಕಿ. ಕ್ಯಾಪ್ಸೂಲ್ ಬೇಡ. ಹತ್ತು ವರ್ಷದವರೆಗೆ ಕಾಯುವುದಂತೂ ಬೇಡವೇ ಬೇಡ.

ಇನ್ನು ನಿಮ್ಮನ್ನು ಕೊರೆಯುತ್ತಿರುವ ವಿಷಯ. ಆ ವಿಡಿಯೋ ಪೂರ್ತಿ ಸುಳ್ಳಾಗಿದ್ದರೆ ನೀವು ಅದನ್ನು ಅಳಿಸಿ ಸುಮ್ನೆ ಇರುತ್ತಿದ್ದಿರಿ. ಅದರಲ್ಲಿ ಅರ್ಧ ನಿಜ ಇದೆ. ತೊಂದರೆ ಇರುವುದೇ ಅಲ್ಲಿ. ಬೆಳೆಯುವ ಮೆದುಳಿನಲ್ಲಿ ಸಂದೇಶ ಹಿಂದಕ್ಕೂ ಹೋಗುತ್ತದೆ, ಅದು ಖರೆ. ಎನ್‌ಜಿಎಫ್ ಅನ್ನುವ ವಸ್ತು ಇರುವುದೂ ಖರೆ. ಅದನ್ನು ಕಂಡುಹಿಡಿದವರಿಗೆ ನೊಬೆಲ್ ಬಂದಿದೆ. ಆದರೆ ಆ ಹಿಮ್ಮುಖ ಸಂದೇಶ ಯಾವಾಗ, ಯಾರಿಗೆ ಸಿಗುತ್ತದೆ ಅಂತ ನೋಡಿದರೆ ಅದು ಕ್ಯಾಪ್ಸೂಲ್ ಪರವಾಗಿ ಸಾಕ್ಷಿ ಹೇಳುವುದಿಲ್ಲ, ಪಟ್ಟಿಯ ಪರವಾಗಿ ಹೇಳುತ್ತದೆ.

ಮೊದಲು ಮಗಳ ಕಣ್ಣಿನ ಮಾತು. ನೀವು ಜೊತೆಗೆ ಕಳಿಸಿದ ವರದಿಯಲ್ಲಿ ರೆಟಿನಾ ಚೆನ್ನಾಗಿದೆ, ಕಣ್ಣಿನ ನರ ಚೆನ್ನಾಗಿದೆ, ಪೊರೆ ಇಲ್ಲ ಅಂತ ಬರೆದಿದ್ದಾರೆ. ಅಂದರೆ 'ನರ ಸೊರಗಿದೆ' ಅನ್ನುವುದು ಅಲ್ಲಿಗೇ ಬಿದ್ದುಹೋಯಿತು. ಸಮಸ್ಯೆ ಹುಟ್ಟಿದ್ದು ಎರಡು ಕಣ್ಣಿನ ನಂಬರಿನ ನಡುವಿನ ಅಂತರದಿಂದ. ನಮ್ಮ ಎರಡೂ ಕಣ್ಣು ಫೋಕಸ್ ಮಾಡುವುದು ಒಟ್ಟಿಗೇ, ಒಂದೇ ಅಳತೆಯಲ್ಲಿ. ಮಗು ಎಡಗಣ್ಣಿಗೆ ಬೇಕಾದಷ್ಟು ಫೋಕಸ್ ಮಾಡಿದರೆ ಪ್ಲಸ್ 5 ಇರುವ ಬಲಗಣ್ಣಿಗೆ ಅದು ಸಾಲುವುದಿಲ್ಲ. ದೂರದ್ದೂ ಮಸುಕು, ಹತ್ತಿರದ್ದೂ ಮಸುಕು. ಹೀಗಾಗಿ ಬಲಗಣ್ಣಿನಿಂದ ಮೆದುಳಿಗೆ ಸ್ಪಷ್ಟ ಚಿತ್ರ ಅನ್ನುವುದು ಹೋಗೇ ಇಲ್ಲ. ಒಂದು ಕಣ್ಣು ಚೆನ್ನಾಗಿ ಕಾಣುತ್ತಿರುವಾಗ ಮಗು ದೂರು ಹೇಳುವುದೂ ಇಲ್ಲ. ಕಣ್ಣು ಓರೆಯಾಗಿದ್ದರೆ ಮನೆಯವರಿಗೆ ಗೊತ್ತಾಗುತ್ತದೆ. ಇವಳದ್ದು ನೇರವಾಗಿದೆ, ಹಾಗಾಗಿ ತಪಾಸಣೆಯವರು ಬರುವ ತನಕ ಯಾರಿಗೂ ತಿಳಿಯಲಿಲ್ಲ. ಅದಕ್ಕೆ ನಿಮ್ಮನ್ನಾಗಲಿ ಅವರಮ್ಮನನ್ನಾಗಲಿ ದೂರುವಂತಿಲ್ಲ.

ಈಗ ನಿಮ್ಮ ಪಾಠಕ್ಕೆ ಬರುತ್ತೇನೆ. ಸಂದೇಶ ಒಂದೇ ದಿಕ್ಕಿಗೆ ಅನ್ನುವುದು ಸ್ಪೇನಿನ ರಮೋನ್ ಇ ಕಾಹಾಲ್ 19ನೇ ಶತಮಾನದ ಕೊನೆಯಲ್ಲಿ ಹೇಳಿದ ನಿಯಮ. 1906ರ ನೊಬೆಲ್ ಹಂಚಿಕೊಂಡವರಲ್ಲಿ ಅವರೂ ಒಬ್ಬರು. ಸಿನಾಪ್ಸ್‌ನಲ್ಲಿ ಎರಡು ಕೋಶಗಳ ನಡುವಿನ ಸಂದು ಸುಮಾರು 20 ನ್ಯಾನೋಮೀಟರ್. ಆ ಕಡೆ ರಾಸಾಯನಿಕ ತುಂಬಿದ ಸಣ್ಣ ಸಣ್ಣ ಚೀಲಗಳು, ಈ ಕಡೆ ಅದನ್ನು ಹಿಡಿಯುವ ಗ್ರಾಹಕಗಳು. ಚೀಲ ಒಡೆಯುತ್ತದೆ, ರಾಸಾಯನಿಕ ಸಂದು ದಾಟುತ್ತದೆ, ಈ ಕಡೆಯ ಕೋಶ ಮಿಡಿಯುತ್ತದೆ. ನೋಡುವುದು, ಕೇಳುವುದು, ಕೈ ಎತ್ತುವುದು ಎಲ್ಲ ಇದರಿಂದಲೇ. ನೀವು ಕಲಿಸುತ್ತಿರುವುದರಲ್ಲಿ ತಪ್ಪಿಲ್ಲ.

ಆದರೆ ಅದು ಇಡೀ ಕಥೆ ಅಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ನಿಮ್ಮೂರ ಕಡೆ ಹರಿಯುತ್ತದಲ್ಲ, ಅದರ ನೀರು ಹೋಗುವುದು ಒಂದೇ ದಿಕ್ಕಿಗೆ, ಮೇಲಿನಿಂದ ಕೆಳಕ್ಕೆ. ಆದರೂ ಕೊನೆ ಭಾಗದ ರೈತರು "ನೀರು ಬಂತು", "ನೀರು ಬಂದಿಲ್ಲ" ಅಂತ ಮೇಲಕ್ಕೆ ಸುದ್ದಿ ಮುಟ್ಟಿಸುತ್ತಲೇ ಇರುತ್ತಾರೆ. ಸಿನಾಪ್ಸ್‌ನಲ್ಲೂ ಹಾಗೇ. ದಿನದ ಕೆಲಸದ ಸಂದೇಶ ಮುಂದಕ್ಕೆ ಹೋಗುತ್ತದೆ. "ನಿನ್ನ ಸಂದೇಶ ನನಗೆ ಮುಟ್ಟಿತು, ನೀನು ಇರು", ಇಲ್ಲವೇ "ನೀನು ಕಡಿಮೆ ಮಾಡು" ಅನ್ನುವ ಉತ್ತರ ಹಿಂದಕ್ಕೆ ಬರುತ್ತದೆ.

ಇದನ್ನು ಮೊದಲು ಹಿಡಿದದ್ದು ಕೋಳಿ ಮೊಟ್ಟೆಯಲ್ಲಿ. ಬೆಳೆಯುವ ಭ್ರೂಣದಲ್ಲಿ ನರಕೋಶಗಳು ಬೇಕಾದ್ದಕ್ಕಿಂತ ಜಾಸ್ತಿ ಹುಟ್ಟುತ್ತವೆ. ಕೋಳಿ ಭ್ರೂಣದ ಬೆನ್ನುಹುರಿಯಲ್ಲಿ ಸ್ನಾಯುಗಳಿಗೆ ಹೋಗಬೇಕಾದ ಕೋಶಗಳಲ್ಲಿ ಹತ್ತಿರ ಹತ್ತಿರ ಅರ್ಧ ಸಾಯುತ್ತವೆ. ಕಾಲು ಮೂಡುವ ಮೊಳಕೆಯನ್ನು ಕತ್ತರಿಸಿ ತೆಗೆದರೆ ಇನ್ನೂ ಜಾಸ್ತಿ ಸಾಯುತ್ತವೆ. ಅಂದರೆ ನರ ಹೋಗಿ ಮುಟ್ಟುವ ಜಾಗದಿಂದ ಏನೋ ವಾಪಸ್ ಬರುತ್ತಿದೆ, ಅದು ಸಿಕ್ಕಿದ ಕೋಶ ಉಳಿಯುತ್ತದೆ, ಸಿಗದ್ದು ಸಾಯುತ್ತದೆ. ಇಟಲಿಯ ರೀಟಾ ಲೆವಿ ಮೊಂತಾಲ್ಚೀನಿ ಎರಡನೇ ಮಹಾಯುದ್ಧದ ಕಾಲದಲ್ಲಿ ಟ್ಯೂರಿನ್‌ನ ತಮ್ಮ ಮಲಗುವ ಕೋಣೆಯಲ್ಲೇ ಪ್ರಯೋಗಶಾಲೆ ಮಾಡಿಕೊಂಡು ಈ ಭ್ರೂಣಗಳನ್ನು ನೋಡುತ್ತಿದ್ದರು. ಯಹೂದಿ ಅನ್ನುವ ಕಾರಣಕ್ಕೆ ವಿಶ್ವವಿದ್ಯಾಲಯದ ಬಾಗಿಲು ಅವರಿಗೆ ಮುಚ್ಚಿತ್ತು. ಆಮೇಲೆ ಅಮೆರಿಕದ ಸೇಂಟ್ ಲೂಯಿಸ್‌ಗೆ ಹೋಗಿ ವಿಕ್ಟರ್ ಹ್ಯಾಂಬರ್ಗರ್ ಜೊತೆ ಕೆಲಸ ಮಾಡಿದರು. ಅಲ್ಲೇ ಸ್ಟ್ಯಾನ್ಲಿ ಕೋಹೆನ್ ಜೊತೆ ಸೇರಿ ಅಂಥ 'ಏನೋ'ಗಳಲ್ಲಿ ಮೊದಲನೆಯದನ್ನು ಬೇರ್ಪಡಿಸಿದರು. ಅದೇ ಎನ್‌ಜಿಎಫ್. 1986ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಹ್ಯಾಂಬರ್ಗರ್‌ಗೆ ಬರಲಿಲ್ಲ. ಅವರಿಗೂ ಬರಬೇಕಿತ್ತು ಅಂತ ಹೇಳುವವರಲ್ಲಿ ನಾನೂ ಒಬ್ಬ.

ಇಲ್ಲಿ ಒಂದು ಸಣ್ಣ ವಿವರ ನಿಮಗೆ ಬೇಕಾಗುತ್ತದೆ. ಎನ್‌ಜಿಎಫ್ ರಕ್ತದಲ್ಲಿ ಸುತ್ತಾಡಿ ಎಲ್ಲ ನರಗಳಿಗೂ ಹಂಚುವ ಟಾನಿಕ್ ಅಲ್ಲ. ನರದ ತುದಿ ಯಾವ ಅಂಗವನ್ನು ಮುಟ್ಟಿದೆಯೋ ಆ ಅಂಗ ಅದನ್ನು ಚೂರು ಚೂರೇ ಬಿಡುತ್ತದೆ. ತುದಿ ಅದನ್ನು ಹಿಡಿದು ಒಳಗೆ ಎಳೆದುಕೊಳ್ಳುತ್ತದೆ. ಒಂದು ಪುಟ್ಟ ಗುಳ್ಳೆಯಲ್ಲಿ ಅದು ಆಕ್ಸಾನ್, ಅಂದರೆ ನರಕೋಶದ ಉದ್ದನೆಯ ಎಳೆಯ, ಉದ್ದಕ್ಕೂ ಹಿಂದಕ್ಕೆ ಸಾಗಿ ಕೋಶದ ಒಡಲಿಗೆ ಮುಟ್ಟುತ್ತದೆ. ಸ್ಥಳ ಸರಿ ಇರಬೇಕು, ಹೊತ್ತೂ ಸರಿ ಇರಬೇಕು.

ಆಮೇಲೆ ಇಂಥ ಇನ್ನೂ ಹಲವು ಸಿಕ್ಕವು. 1982ರಲ್ಲಿ ಹಂದಿಯ ಮೆದುಳಿನಿಂದ ಬಿಡಿಎನ್‌ಎಫ್ ಅನ್ನುವ, ಎನ್‌ಜಿಎಫ್‌ನಂಥದೇ ಇನ್ನೊಂದು ಪ್ರೋಟೀನನ್ನು ಬೇರ್ಪಡಿಸಿದರು. 2001ರಲ್ಲಿ ಮೂರು ಗುಂಪುಗಳು ಬೇರೆ ಬೇರೆಯಾಗಿ ಇನ್ನೊಂದು ಜಾತಿಯ ಹಿಮ್ಮುಖ ಸಂದೇಶ ತೋರಿಸಿದವು. ಈ ಕಡೆಯ ಕೋಶ ಜೋರಾಗಿ ಮಿಡಿದಾಗ ತನ್ನ ಪೊರೆಯ ಕೊಬ್ಬಿನಿಂದಲೇ ಒಂದು ವಸ್ತು ಮಾಡಿ ಬಿಡುತ್ತದೆ. ಅದು ಸಂದು ದಾಟಿ ಹಿಂದಕ್ಕೆ ಹೋಗಿ ಆ ಕಡೆಯ ತುದಿಗೆ "ಸ್ವಲ್ಪ ಹೊತ್ತು ಕಡಿಮೆ ಮಾಡು" ಅನ್ನುತ್ತದೆ. ಇದನ್ನು ಎಂಡೋಕ್ಯಾನಬಿನಾಯ್ಡ್ ಎನ್ನುತ್ತಾರೆ. ಭಂಗಿ, ಗಾಂಜಾದ ಅಮಲು ಹೋಗಿ ಅಂಟಿಕೊಳ್ಳುವುದು ಈ ವಸ್ತುವನ್ನು ಹಿಡಿಯುವ ಗ್ರಾಹಕಕ್ಕೇ. ಬಸುರಿಯರಿಗೂ ಹಾಲೂಡಿಸುವ ತಾಯಂದಿರಿಗೂ ಅದು ಬೇಡ ಅಂತ ವೈದ್ಯರು ಗಟ್ಟಿಯಾಗಿ ಹೇಳುವುದು ಯಾಕೆ ಅಂತ ಇದರಿಂದ ತಿಳಿಯುತ್ತದೆ. ಅದು ಮಾಸನ್ನು ದಾಟುತ್ತದೆ, ಎದೆಹಾಲಿಗೂ ಬರುತ್ತದೆ.

ಹುಟ್ಟಿದ ಮೇಲೂ ಈ ಆಯ್ಕೆ ನಡೆಯುತ್ತಲೇ ಇರುತ್ತದೆ. ಈಗ ಹುಟ್ಟಿದ ಇಲಿಮರಿಯ ಸ್ನಾಯುವಿನ ಒಂದೊಂದು ಎಳೆಗೂ ಹಲವು ನರತುದಿಗಳು ಅಂಟಿಕೊಂಡಿರುತ್ತವೆ. ಎರಡು ವಾರದಲ್ಲಿ ಒಂದು ಉಳಿದು ಮಿಕ್ಕವೆಲ್ಲ ಹಿಂದೆ ಸರಿಯುತ್ತವೆ. ಯಾವುದು ಉಳಿಯಬೇಕು ಅನ್ನುವುದರಲ್ಲಿ ಸ್ನಾಯುವಿನ ಮಾತೂ ನಡೆಯುತ್ತದೆ. ಕಿರುಮೆದುಳಿನಲ್ಲಿಯೂ ಹೀಗೇ. ಮಕ್ಕಳ ಮೆದುಳಿನಲ್ಲಿ ಸಿನಾಪ್ಸ್‌ಗಳು ಮೊದಲ ಒಂದೆರಡು ವರ್ಷ ದೊಡ್ಡವರಿಗಿಂತ ಎಷ್ಟೋ ದಟ್ಟವಾಗಿದ್ದು, ಆಮೇಲೆ ನಿಧಾನವಾಗಿ ಕಡಿಮೆಯಾಗುತ್ತವೆ. ಕಡಿಮೆಯಾಗುವುದು ಅಂದರೆ ಕೆಡುಕಲ್ಲ. ಬೆಳವಣಿಗೆ ಆಗುವುದೇ ಹಾಗೆ.

ಹತ್ತನೇ ತರಗತಿಯವರಿಗೆ ಇಷ್ಟೆಲ್ಲ ಬೇಡ. "ಸಂದೇಶ ಮುಂದಕ್ಕೇ ಹೋಗುತ್ತದೆ. ಆದರೆ ಆ ಜೋಡಣೆ ಉಳಿಯಬೇಕೋ ಬೇಡವೋ ಅನ್ನುವುದರ ಬಗ್ಗೆ ಹಿಂದಕ್ಕೂ ಸುದ್ದಿ ಹೋಗುತ್ತದೆ" ಅಂತ ಒಂದು ಮಾತು ಸೇರಿಸಿದರೆ ಸಾಕು. ಪರೀಕ್ಷೆಗೆ ಹಳೆಯ ಉತ್ತರವನ್ನೇ ಬರೆಯಲಿ.

ಈಗ ಇದನ್ನು ಕಣ್ಣಿಗೆ ತರೋಣ. ತಲೆಯ ಹಿಂಭಾಗದಲ್ಲಿ, ನೋಡಿದ್ದನ್ನು ಅರ್ಥ ಮಾಡಿಕೊಳ್ಳುವ ಜಾಗದಲ್ಲಿ, ಎರಡೂ ಕಣ್ಣಿನ ಎಳೆಗಳು ಒಂದೇ ಕೋಶಗಳನ್ನು ಹಿಡಿಯಲು ಪೈಪೋಟಿ ಮಾಡುತ್ತವೆ. 1960ರ ದಶಕದಲ್ಲಿ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಬೆಕ್ಕಿನ ಮರಿಯ ಒಂದು ಕಣ್ಣಿನ ರೆಪ್ಪೆಯನ್ನು ಹೊಲಿದು ಮುಚ್ಚಿ, ಕೆಲವು ವಾರ ಬಿಟ್ಟು ತೆರೆದು ನೋಡಿದರು. ಕಣ್ಣು ಸರಿಯಾಗೇ ಇತ್ತು. ಆದರೆ ಮೆದುಳಿನ ಆ ಜಾಗದಲ್ಲಿ ಆ ಕಣ್ಣಿಗೆ ಸ್ಪಂದಿಸುವ ಕೋಶಗಳು ಇಲ್ಲವೆನ್ನುವಷ್ಟು ಕಡಿಮೆಯಾಗಿದ್ದವು. ದೊಡ್ಡ ಬೆಕ್ಕಿನಲ್ಲಿ ಹಾಗೇ ಮಾಡಿದರೆ ಏನೂ ಆಗಲಿಲ್ಲ. ಅವರಿಗೆ ನೊಬೆಲ್ ಬಂದದ್ದು 1981ರಲ್ಲಿ. ಇವತ್ತು ನಾನು ಮಗುವಿಗೆ ಬರೆಯುವ ಪ್ರತಿ ಪಟ್ಟಿಯ ಹಿಂದೆ ಆ ಬೆಕ್ಕಿನ ಮರಿ ಇದೆ.

ನಿಮ್ಮ ಮಗಳ ಬಲಗಣ್ಣಿಗೆ ಯಾರೂ ಹೊಲಿಗೆ ಹಾಕಿಲ್ಲ. ಮಸುಕು ಅದೇ ಕೆಲಸವನ್ನು ಮೆಲ್ಲಗೆ ಮಾಡಿದೆ. ಮೆದುಳಿನ ಕೋಶ ಎಡಗಣ್ಣಿನ ಸ್ಪಷ್ಟ ಚಿತ್ರಕ್ಕೆ ಮಿಡಿಯುತ್ತದೆ. ಅದು ಮಿಡಿದ ಹೊತ್ತಿಗೇ ಸಂದೇಶ ತಂದ ಎಳೆಗೆ "ನೀನು ಇರು" ಅನ್ನುವ ಉತ್ತರ ಹಿಂದಕ್ಕೆ ಹೋಗುತ್ತದೆ. ಬಲಗಣ್ಣಿನ ಎಳೆಗಳು ತರುವುದು ಅಸ್ಪಷ್ಟ, ಕೋಶದ ಮಿಡಿತದ ಹೊತ್ತಿಗೆ ಅದು ಹೊಂದುವುದಿಲ್ಲ. ಅವಕ್ಕೆ "ಕಡಿಮೆ ಮಾಡು" ಅನ್ನುವ ಉತ್ತರ ಬರುತ್ತದೆ, ಇಲ್ಲವೇ ಉತ್ತರವೇ ಬರುವುದಿಲ್ಲ. ಈ ಉತ್ತರ ಕೊಡುವುದು ಒಂದೇ ರಾಸಾಯನಿಕ ಅಲ್ಲ. ಬಿಡಿಎನ್‌ಎಫ್, ಎಂಡೋಕ್ಯಾನಬಿನಾಯ್ಡ್, ಇನ್ನೂ ಕೆಲವು ಸೇರಿ ಕೊಡುತ್ತವೆ. ಆದರೆ ನಿಯಮ ಒಂದೇ. ಕೆಲಸ ಮಾಡಿದ ಎಳೆಗೆ ಉತ್ತರ ಸಿಗುತ್ತದೆ.

ಹಾಗಾದರೆ ಆ ಉತ್ತರವನ್ನು ಹೊರಗಿನಿಂದ ಸುರಿದರೆ? ವಿಡಿಯೋ ಮಾಡಿದವರ ಯೋಚನೆ ಇದೇ. ಇದನ್ನು ವಿಜ್ಞಾನಿಗಳು ಮಾಡಿಯೇ ನೋಡಿದ್ದಾರೆ. 1990ರ ದಶಕದ ಮೊದಲಲ್ಲಿ ಇಟಲಿಯ ಪೀಸಾದಲ್ಲಿ ಲಾಂಬೆರ್ತೊ ಮಾಫೆಯಿ ಅವರ ಗುಂಪು ಒಂದು ಕಣ್ಣು ಮುಚ್ಚಿದ ಇಲಿಗಳ ಮೆದುಳಿನೊಳಕ್ಕೆ ಎನ್‌ಜಿಎಫ್ ಬಿಟ್ಟಿತು. ಮುಚ್ಚಿದ ಕಣ್ಣಿನ ಪಾಲು ಹೋಗಲಿಲ್ಲ, ಉಳಿಯಿತು. ಮಾರುವವರು ನೆಚ್ಚಿಕೊಳ್ಳುವುದು ಇಂಥ ಪ್ರಯೋಗಗಳನ್ನೇ. ಅದು ನಿಜವಾದ ಫಲಿತಾಂಶ, ನಾನು ಅಲ್ಲಗಳೆಯುವುದಿಲ್ಲ. ಆದರೆ 1995ರಲ್ಲಿ ಅಮೆರಿಕದಲ್ಲಿ ಕಾರ್ಲಾ ಶಾಟ್ಜ್ ಅವರ ಗುಂಪು ಬೆಕ್ಕಿನ ಮರಿಗಳ ಮೆದುಳಿಗೆ ಇವನ್ನು ಬಿಟ್ಟಾಗ ಏನಾಯಿತು ನೋಡಿ. ಎನ್‌ಜಿಎಫ್‌ನಿಂದ ಏನೂ ಆಗಲಿಲ್ಲ. ಬಿಡಿಎನ್‌ಎಫ್ ಬಿಟ್ಟ ಕಡೆ ಎಡಗಣ್ಣಿನ ಪಾಲು, ಬಲಗಣ್ಣಿನ ಪಾಲು ಅಂತ ಆಗಬೇಕಾದ ವಿಂಗಡಣೆಯೇ ಆಗಲಿಲ್ಲ. ಎಲ್ಲರಿಗೂ "ನೀನು ಇರು" ಅಂದರೆ ಆಯ್ಕೆ ಎಲ್ಲಿಂದ ಬರಬೇಕು? ಆ ಸಂದೇಶಕ್ಕೆ ಬೆಲೆ ಬಂದಿರುವುದು ಅದು ಕೆಲವರಿಗಷ್ಟೇ ಸಿಗುತ್ತದೆ ಅನ್ನುವುದರಿಂದ.

ಅದೂ ಅವರು ನೇರ ಮೆದುಳಿಗೆ ಬಿಟ್ಟಿದ್ದರು. ನಿಮ್ಮ ಕೈಯಲ್ಲಿರುವುದು ನುಂಗುವ ಗುಳಿಗೆ. ಎನ್‌ಜಿಎಫ್ ಒಂದು ಪ್ರೋಟೀನು. ಹೊಟ್ಟೆಗೆ ಹೋದರೆ ಬೇಳೆಯ ಪ್ರೋಟೀನಿನ ಹಾಗೇ ಜೀರ್ಣವಾಗುತ್ತದೆ. ರಕ್ತಕ್ಕೆ ಚುಚ್ಚಿದರೂ ರಕ್ತದಿಂದ ಮೆದುಳಿಗೆ ದಾಟುವುದಿಲ್ಲ. ಅಣಬೆಯಲ್ಲಿ ಎನ್‌ಜಿಎಫ್ ಇಲ್ಲ, ಅದನ್ನು ಹೆಚ್ಚಿಸುವ ಅಂಶ ಇದೆ ಅಂತ ಅವರು ಹೇಳಬಹುದು. ಲಯನ್ಸ್ ಮೇನ್ ಅನ್ನುವ ಅಣಬೆಯ ಕೆಲವು ಅಂಶಗಳು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳಲ್ಲಿ ಎನ್‌ಜಿಎಫ್ ಹೆಚ್ಚಿಸಿದ್ದು ನಿಜ. ತಟ್ಟೆಯಲ್ಲಿ ಆದದ್ದಕ್ಕೂ ಐದು ವರ್ಷದ ಮಗುವಿನ ಬಲಗಣ್ಣಿನ ಎಳೆಗಳು ಬಲಗೊಳ್ಳುವುದಕ್ಕೂ ನಡುವೆ ಬಹಳ ದೂರ ಇದೆ. ಇನ್ನೊಂದು ವಿಷಯ. ಮೆದುಳಿಗೆ ಎನ್‌ಜಿಎಫ್ ಕೊಟ್ಟ ಕೆಲವು ರೋಗಿಗಳಿಗೆ ಬೆನ್ನುನೋವು ಬಂದು, ತೂಕ ಇಳಿದು, ನಿಲ್ಲಿಸಬೇಕಾಯಿತು. ನೋವಿನ ನರಗಳನ್ನು ಕೆರಳಿಸುವುದರಲ್ಲಿ ಅದು ಎತ್ತಿದ ಕೈ.

ಎನ್‌ಜಿಎಫ್ ಇರುವ ಕಣ್ಣಿನ ಡ್ರಾಪ್ಸ್ ಒಂದು ಇದೆ. 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ನಾಳೆ ಯಾರಾದರೂ ನಿಮಗೆ ಆ ಸುದ್ದಿಯನ್ನೂ ಕಳಿಸಬಹುದು, ಅದಕ್ಕೇ ಈಗಲೇ ಹೇಳುತ್ತಿದ್ದೇನೆ. ಅದು ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದ, ನರಗಳು ಸತ್ತು ಅಲ್ಲಿ ಹುಣ್ಣು ಮಾಯದೇ ಇರುವವರಿಗೆ. ಲೇಜಿ ಐಗೆ ಅಲ್ಲ.

ಕ್ಯಾಪ್ಸೂಲ್ ಡಬ್ಬಿಯನ್ನು ತಿರುಗಿಸಿ ನೋಡಿ. ಎಫ್‌ಎಸ್‌ಎಸ್‌ಎಐ ನಂಬರು ಇರಬಹುದು. ಅದು ಆಹಾರದ ಲೈಸೆನ್ಸು. ಉಪ್ಪಿನಕಾಯಿ ಬಾಟಲಿಯ ಮೇಲೂ ಇರುತ್ತದೆ. ರೋಗ ವಾಸಿ ಮಾಡುತ್ತದೆ ಅಂತ ಯಾರೋ ಪರೀಕ್ಷೆ ಮಾಡಿ ಹೇಳಿದ್ದಾರೆ ಅಂತ ಅದರ ಅರ್ಥ ಅಲ್ಲ. ಇಂಥವುಗಳಿಂದ ನಾನು ಕಾಣುವ ದೊಡ್ಡ ಹಾನಿ ಹೊಟ್ಟೆನೋವಲ್ಲ, ಅಲರ್ಜಿಯೂ ಅಲ್ಲ. ಆರು ತಿಂಗಳು ಗುಳಿಗೆ ನೋಡೋಣ ಅಂತ ಪಟ್ಟಿ ಬಿಟ್ಟಿರುತ್ತಾರೆ. ಐದು ವರ್ಷದ ಮಗುವಿನ ಆರು ತಿಂಗಳು ತುಂಬಾ ದುಬಾರಿ. ಪರಿಚಯದವರಿಗೆ ಮುಖ ಮುರಿದು ಹೇಳಲು ಆಗದಿದ್ದರೆ ಡಾಕ್ಟರು ಬೇಡ ಅಂದರು ಅಂತ ನನ್ನ ಮೇಲೆ ಹಾಕಿ.

ಔಷಧಿಯಿಂದಲೇ ಆಗಬಹುದೇ ಅಂತ ದೊಡ್ಡ ಮಟ್ಟದಲ್ಲೂ ನೋಡಿದ್ದಾರೆ. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಲೆವೊಡೋಪಾವನ್ನು ಪಟ್ಟಿಯ ಜೊತೆ ಕೊಟ್ಟು ಪರೀಕ್ಷಿಸಿದ ಅಧ್ಯಯನದ ಫಲಿತಾಂಶ 2015ರಲ್ಲಿ ಬಂತು. ಬರೀ ಪಟ್ಟಿ ಹಾಕಿದವರಿಗಿಂತ ಹೇಳಿಕೊಳ್ಳುವಂಥ ಲಾಭ ಆಗಲಿಲ್ಲ.

ಇನ್ನು ಅವ್ವನವರ ಮಾತು. ಅವರ ಭಯ ಬುಡವಿಲ್ಲದ್ದಲ್ಲ, ದಯವಿಟ್ಟು ನಕ್ಕುಬಿಡಬೇಡಿ. ಒಳ್ಳೆಯ ಕಣ್ಣನ್ನು ದಿನವಿಡೀ, ವಾರಗಟ್ಟಲೆ, ಯಾರೂ ನೋಡದೆ ಮುಚ್ಚಿಟ್ಟರೆ ಪೈಪೋಟಿ ತಿರುಗಿಬೀಳಬಹುದು. ಒಳ್ಳೆಯ ಕಣ್ಣಿನ ದೃಷ್ಟಿಯೇ ಇಳಿಯಬಹುದು. ಸಣ್ಣ ಮಕ್ಕಳಲ್ಲಿ ಆ ಅಪಾಯ ಜಾಸ್ತಿ. ಆದರೆ ದಿನಕ್ಕೆ ಎರಡು ಗಂಟೆಗೆ ಹಾಗಾಗುವುದು ಅಪರೂಪ. ಹಾಗೇನಾದರೂ ಆದರೂ ಪಟ್ಟಿ ಬಿಟ್ಟರೆ ಬಹುಪಾಲು ಸರಿಹೋಗುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಬನ್ನಿ ಅಂತ ನಾವು ಕರೆಯುವುದು ಬಲಗಣ್ಣು ಎಷ್ಟು ಏರಿತು ನೋಡಲಿಕ್ಕೆ ಮಾತ್ರ ಅಲ್ಲ, ಎಡಗಣ್ಣು ಇಳಿದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಲಿಕ್ಕೂ. ಮುಂದಿನ ತಪಾಸಣೆಗೆ ಅವ್ವನವರನ್ನೂ ಕರೆದುಕೊಂಡು ಹೋಗಿ. ಎಡಗಣ್ಣಿನಲ್ಲಿ ಮೊಮ್ಮಗಳು ಕೊನೆಯ ಸಾಲು ಓದುವುದನ್ನು ಕಣ್ಣಾರೆ ನೋಡಲಿ.

ಎರಡು ಗಂಟೆ ಸಾಕಾ ಅಂತ ನಿಮಗೆ ಅನ್ನಿಸಬಹುದು. ಮೊದಲೆಲ್ಲ ದಿನಪೂರ್ತಿ ಹಾಕಿಸುತ್ತಿದ್ದರು. ಏಳು ವರ್ಷದೊಳಗಿನ, ನಿಮ್ಮ ಮಗಳಂತೆ ಮಧ್ಯಮ ಪ್ರಮಾಣದ ತೊಂದರೆ ಇರುವ ಮಕ್ಕಳಲ್ಲಿ ಎರಡು ಗಂಟೆ ಮತ್ತು ಆರು ಗಂಟೆಯನ್ನು ಹೋಲಿಸಿದ ಅಮೆರಿಕದ ಅಧ್ಯಯನದ ಫಲಿತಾಂಶ 2003ರಲ್ಲಿ ಬಂತು. ನಾಲ್ಕು ತಿಂಗಳಲ್ಲಿ ಎರಡೂ ಗುಂಪು ಒಂದೇ ಸಮ ಸುಧಾರಿಸಿದ್ದವು. ಬಲಗಣ್ಣಿನ ಎಳೆಗಳಿಗೆ ದಿನಾ ಸ್ವಲ್ಪ ಹೊತ್ತು ಪೈಪೋಟಿ ಇಲ್ಲದೆ ಕೆಲಸ ಸಿಗಬೇಕು, ಅಷ್ಟೇ. ಕನ್ನಡಕ ಆ ಕಣ್ಣಿನ ಚಿತ್ರವನ್ನು ಸ್ಪಷ್ಟ ಮಾಡುತ್ತದೆ, ಪಟ್ಟಿ ಇನ್ನೊಂದು ಕಣ್ಣನ್ನು ಪಕ್ಕಕ್ಕೆ ಸರಿಸುತ್ತದೆ. ಆಗ ಮೆದುಳಿನ ಕೋಶ ಬಲಗಣ್ಣಿನ ಸಂದೇಶಕ್ಕೇ ಮಿಡಿಯುತ್ತದೆ, ಉತ್ತರವೂ ಆ ಎಳೆಗೇ ಹೋಗುತ್ತದೆ. ಕನ್ನಡಕವೊಂದರಿಂದಲೇ ನಾಲ್ಕು ತಿಂಗಳಲ್ಲಿ 6/36ರಿಂದ 6/24ಕ್ಕೆ ಬಂದಿದ್ದಾಳಲ್ಲ, ನೀವು ವಿಡಿಯೋದಲ್ಲಿ ಕೇಳಿದ ಹಿಮ್ಮುಖ ಸಂದೇಶ ಮನೆಯಲ್ಲೇ ಕೆಲಸ ಶುರು ಮಾಡಿದೆ ಅಂತಲೇ ಲೆಕ್ಕ. ಕನ್ನಡಕವನ್ನು ಮಾತ್ರ ಎಚ್ಚರವಿರುವಷ್ಟು ಹೊತ್ತೂ ಹಾಕಿರಬೇಕು. ಪಟ್ಟಿ ಹಾಕಿದಾಗ ಕನ್ನಡಕ ತೆಗೆದಿಟ್ಟರೆ ಮಸುಕಿನಲ್ಲೇ ಎರಡು ಗಂಟೆ ಕಳೆದ ಹಾಗೆ.

ಹಾಕುವ ರೀತಿ ಹೇಳುತ್ತೇನೆ, ಬಹಳ ಜನ ತಪ್ಪುವುದು ಇಲ್ಲೇ. ಪಟ್ಟಿ ಚರ್ಮಕ್ಕೆ ಅಂಟಬೇಕು, ಕನ್ನಡಕದ ಗಾಜಿಗಲ್ಲ. ಗಾಜಿಗೆ ಅಂಟಿಸಿದರೆ ಮಗು ಕತ್ತು ಓರೆ ಮಾಡಿ ಮೇಲಿನ ಸಂದಿಯಿಂದ ಇಣುಕುತ್ತದೆ. ಅಪ್ಪ ಅಮ್ಮ ಎರಡು ಗಂಟೆ ಆಯ್ತು ಅಂತ ಬರೆದುಕೊಂಡಿರುತ್ತಾರೆ, ಬಲಗಣ್ಣು ಎರಡು ನಿಮಿಷವೂ ಕೆಲಸ ಮಾಡಿರುವುದಿಲ್ಲ. ಮೂಗಿನ ಕಡೆಯ ಅಂಚನ್ನು ಬೆರಳಿನಿಂದ ಒತ್ತಿ ನೋಡಿ, ಸಂದಿ ಬಿಡುವುದು ಅಲ್ಲೇ. ನಮ್ಮ ಬಳ್ಳಾರಿ, ರಾಯಚೂರಿನ ಬೇಸಿಗೆಯಲ್ಲಿ ಬೆವರಿಗೆ ಅಂಟು ನಿಲ್ಲುವುದಿಲ್ಲ, ಚರ್ಮ ಕೆಂಪಾಗುತ್ತದೆ. ಅದಕ್ಕೆ ಬೆಳಿಗ್ಗೆ ಏಳರಿಂದ ಒಂಬತ್ತು ಒಳ್ಳೆಯ ಹೊತ್ತು. ಮಧ್ಯಾಹ್ನ ಬೇಡ. ತೆಗೆಯುವಾಗ ಸರ್ರನೆ ಎಳೆಯಬೇಡಿ, ಒದ್ದೆ ಬಟ್ಟೆಯಿಂದ ನೆನೆಸಿ ಬಿಡಿಸಿ. ಚರ್ಮ ಕೆರೆದು ಹೋಗಿದ್ದರೆ ಒಂದು ದಿನ ಬಿಡಿ, ಪರವಾಗಿಲ್ಲ.

ಆ ಹೊತ್ತಿನಲ್ಲಿ ಏನು ಮಾಡಿಸಬೇಕು? ಸೂಜಿಗೆ ದಾರ ಪೋಣಿಸುವುದೇ ಆಗಬೇಕು ಅಂತಿಲ್ಲ. ಹತ್ತಿರದ ಕೆಲಸ ಮಾಡಿದ ಮಕ್ಕಳಿಗೂ ದೂರದ್ದು ನೋಡಿದ ಮಕ್ಕಳಿಗೂ ಸುಧಾರಣೆಯಲ್ಲಿ ವ್ಯತ್ಯಾಸ ಕಂಡಿಲ್ಲ. ಅವಳಿಗೆ ಇಷ್ಟವಾದದ್ದು ಮಾಡಲಿ. ಚಿತ್ರಕ್ಕೆ ಬಣ್ಣ ಹಚ್ಚಲಿ, ಅಜ್ಜಿಯ ಜೊತೆ ಕೂತು ಬೇಳೆಯಲ್ಲಿ ಕಲ್ಲು ಆರಿಸಲಿ, ಟೀವಿ ನೋಡಿದರೂ ನಡೆಯುತ್ತದೆ. ಪಟ್ಟಿ ಹಾಕಿದಾಗ ಮಾತ್ರ ಸಿಗುವ ಒಂದು ಆಟ ಇಟ್ಟುಕೊಂಡರೆ ಅರ್ಧ ಜಗಳ ಕಡಿಮೆಯಾಗುತ್ತದೆ. ಮೊದಮೊದಲು ಬಾಗಿಲಿಗೆ ತಾಕುತ್ತಾಳೆ, ಮೆಟ್ಟಿಲಲ್ಲಿ ತಡವರಿಸುತ್ತಾಳೆ. ಹಠ ಅಂದುಕೊಳ್ಳಬೇಡಿ, ನಿಜವಾಗಲೂ ಅವಳಿಗೆ ಕಾಣುತ್ತಿರುವುದಿಲ್ಲ. ಮೊದಲ ವಾರ ಅರ್ಧ ಗಂಟೆಯಿಂದ ಶುರು ಮಾಡಿ ಏರಿಸಿ. ರಸ್ತೆ, ಮಾಳಿಗೆ, ಕಾಲುವೆ ದಂಡೆ, ಇವುಗಳ ಹತ್ತಿರ ಪಟ್ಟಿ ಹಾಕಿ ಬಿಡಬೇಡಿ. ಶಾಲೆಯಲ್ಲಿ ಹಾಕಿಸಬೇಡಿ, ಮಕ್ಕಳು ನಗುತ್ತಾರೆ. ಎರಡು ಗಂಟೆಗೆ ಮನೆಯೇ ಸಾಕು.

ಏನು ಮಾಡಿದರೂ ಪಟ್ಟಿ ನಿಲ್ಲದಿದ್ದರೆ ಇನ್ನೊಂದು ದಾರಿ ಇದೆ. ಒಳ್ಳೆಯ ಕಣ್ಣಿಗೆ ಅಟ್ರೋಪಿನ್ ಡ್ರಾಪ್ಸ್ ಹಾಕಿ ಅದನ್ನೇ ಸ್ವಲ್ಪ ಮಸುಕು ಮಾಡುವುದು. ಶನಿವಾರ, ಭಾನುವಾರ ಮಾತ್ರ ಹಾಕಿದರೂ ಕೆಲಸ ಆಗುತ್ತದೆ. ಆರು ತಿಂಗಳ ಹೊತ್ತಿಗೆ ಫಲಿತಾಂಶ ಪಟ್ಟಿಯಷ್ಟೇ ಇರುತ್ತದೆ, ಕಿತ್ತು ಹಾಕುವ ತಾಪತ್ರಯ ಇಲ್ಲ. ಆದರೂ ನಮ್ಮ ಕಡೆ ಇದನ್ನು ಬರೆಯುವಾಗ ನಾನು ಹಿಂದೆ ಮುಂದೆ ನೋಡುತ್ತೇನೆ, ಅದರಲ್ಲೂ ಮಾರ್ಚಿನಿಂದ ಮೇ ತನಕ. ಪಾಪೆ ದೊಡ್ಡದಾಗಿ ಬಿಸಿಲಲ್ಲಿ ಕಣ್ಣು ಬಿಡಲಾಗುವುದಿಲ್ಲ, ಒಮ್ಮೆ ಹಾಕಿದರೆ ಅದು ಒಂದು ವಾರಕ್ಕೂ ಮೇಲೆ ಇರಬಹುದು. ಈ ಔಷಧಿ ಬೆವರನ್ನೂ ಕಡಿಮೆ ಮಾಡುತ್ತದೆ. 40 ಡಿಗ್ರಿ ಬಿಸಿಲಲ್ಲಿ ಬೆವರದ ಮಗುವಿಗೆ ಮೈ ಕಾಯುತ್ತದೆ, ಮುಖ ಕೆಂಪೇರುತ್ತದೆ, ಬಾಯಿ ಒಣಗುತ್ತದೆ, ಕೆಲವೊಮ್ಮೆ ಬಡಬಡಿಸುತ್ತದೆ. ಹಾಗಾದರೆ ಡ್ರಾಪ್ಸ್ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಹಾಕಿದ ಮೇಲೆ ಕಣ್ಣಿನ ಒಳಮೂಲೆಯನ್ನು ಒಂದೆರಡು ನಿಮಿಷ ಒತ್ತಿ ಹಿಡಿದರೆ ರಕ್ತಕ್ಕೆ ಹೋಗುವುದು ಕಡಿಮೆ. ಬಾಟಲಿಯನ್ನು ಮಕ್ಕಳ ಕೈಗೆ ಸಿಗದ ಕಡೆ ಇಡಬೇಕು, ಕುಡಿದರೆ ಅದು ವಿಷ.

ಕಾಯುವ ವಿಚಾರ. ಏಳೆಂಟು ವರ್ಷದ ನಂತರ ಏನೂ ಆಗುವುದಿಲ್ಲ ಅಂತ ಹಿಂದೆ ಹೇಳುತ್ತಿದ್ದರು, ಅದು ಪೂರ್ತಿ ಸರಿಯಲ್ಲ. ಏಳರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಕನ್ನಡಕದ ಜೊತೆ ಪಟ್ಟಿ, ಡ್ರಾಪ್ಸ್ ಕೊಟ್ಟ ಅಧ್ಯಯನ 2005ರಲ್ಲಿ ಬಂತು. ಸುಮಾರು ಅರ್ಧದಷ್ಟು ಮಕ್ಕಳಿಗೆ ಒಂದಿಷ್ಟು ಸುಧಾರಣೆ ಆಯಿತು. ಅದು ತಡವಾಗಿ ಗೊತ್ತಾದವರಿಗೆ ಧೈರ್ಯ ಕೊಡುವ ಸುದ್ದಿ. ಐದು ವರ್ಷಕ್ಕೇ ಗೊತ್ತಾದವರು ಕಾದು ಕೂರಲಿಕ್ಕೆ ಕಾರಣ ಅಲ್ಲ. ವಯಸ್ಸಾದಂತೆ ಮೆದುಳಿನ ಈ ಜಾಗದಲ್ಲಿ ಕಡಿವಾಣ ಹಾಕುವ ಕೋಶಗಳು ಬಲಿಯುತ್ತವೆ, ಅವುಗಳ ಸುತ್ತ ಗಟ್ಟಿ ಹೊದಿಕೆ ಬರುತ್ತದೆ. ಎಳೆಗಳನ್ನು ಅದಲುಬದಲು ಮಾಡುವುದು ಕಷ್ಟವಾಗುತ್ತಾ ಹೋಗುತ್ತದೆ. ಈಗ ಎರಡು ಗಂಟೆಯಲ್ಲಿ ಆಗುವ ಕೆಲಸಕ್ಕೆ ಆಗ ಎಷ್ಟು ಗಂಟೆ ಹಾಕಿದರೂ ಅಷ್ಟು ಸಿಗದೇ ಹೋಗಬಹುದು. ಮತ್ತೆ, ಹತ್ತು ವರ್ಷದ ಹುಡುಗಿ ಪಟ್ಟಿಗೆ ಒಪ್ಪುತ್ತಾಳೆ ಅಂತ ನಿಮಗೆ ಯಾರು ಹೇಳಿದರು? ನನ್ನ ಅನುಭವದಲ್ಲಿ ಐದು ವರ್ಷದವರು ಅಳುತ್ತಾರೆ, ಹತ್ತು ವರ್ಷದವರು ಹಾಕಿಕೊಳ್ಳುವುದೇ ಇಲ್ಲ.

ದೃಷ್ಟಿ ಸರಿಯಾಯಿತು ಅಂತ ಒಂದೇ ಸಲ ಎಲ್ಲ ಬಿಟ್ಟುಬಿಡಬೇಡಿ. ಚಿಕಿತ್ಸೆ ನಿಲ್ಲಿಸಿದ ಮಕ್ಕಳಲ್ಲಿ ಸುಮಾರು ಕಾಲು ಭಾಗದವರಿಗೆ ಒಂದು ವರ್ಷದೊಳಗೆ ಸ್ವಲ್ಪ ವಾಪಸ್ ಇಳಿಯುತ್ತದೆ. ಆದ್ದರಿಂದ ನಿಲ್ಲಿಸಿದ ಮೇಲೂ ತಪಾಸಣೆಗೆ ಹೋಗುತ್ತಿರಬೇಕು. ಕನ್ನಡಕ ಮುಂದುವರಿಯುತ್ತದೆ. ಪಟ್ಟಿಯ ದಿನಗಳಲ್ಲಿ ಯಾವುದಾದರೂ ಕಣ್ಣು ಓರೆಯಾಗಿ ಕಂಡರೆ, ಒಂದು ವಸ್ತು ಎರಡಾಗಿ ಕಾಣುತ್ತದೆ ಅಂತ ಅವಳು ಹೇಳಿದರೆ, ಮುಂದಿನ ತಾರೀಖಿಗೆ ಕಾಯದೆ ಮೊದಲೇ ತೋರಿಸಿ.

ಎರಡು ವರ್ಷದ ಮಗನೂ ಇದ್ದಾನೆ ಅಂತ ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಅಕ್ಕನಿಗೆ ಇಂಥ ನಂಬರು ಇದ್ದರೆ ತಮ್ಮನಿಗೂ ಇರುವ ಸಾಧ್ಯತೆ ಜಾಸ್ತಿ. ಅಕ್ಷರ ಬರದಿದ್ದರೂ ತೊಂದರೆಯಿಲ್ಲ, ಡ್ರಾಪ್ಸ್ ಹಾಕಿ ಕಣ್ಣಿಗೆ ಬೆಳಕು ಬಿಟ್ಟು ನಂಬರು ತೆಗೆಯುತ್ತಾರೆ. ಮುಂದಿನ ಸಲ ರಾಯಚೂರಿಗೆ ಹೋಗುವಾಗ ಅವನನ್ನೂ ಕರೆದುಕೊಂಡು ಹೋಗಿ.